ಮನೆಯಲ್ಲಿ ಸಾಕಿದ ಕೋಳಿಯನ್ನು ಮೊದಲ ಸಲ ಕೊಯ್ಯುವವರಿಗೆ

ಮೆಕ್ಕೆಜೋಳ ಹೊಲದಲ್ಲೇ ಬೆಳೆಯುವ ದಾವಣಗೆರೆ, ಚಿತ್ರದುರ್ಗದ ಸೀಮೆಯಲ್ಲಿ ಹಿತ್ತಿಲಲ್ಲಿ ಹತ್ತು ಕೋಳಿ ಸಾಕುವುದು ದೊಡ್ಡ ಮಾತಲ್ಲ. ತೊಡಕು ಬರುವುದು ಕೊಯ್ಯುವ ದಿನ. ಚಿಕನ್ ಅಂಗಡಿಯವರು ನಾಲ್ಕು ನಿಮಿಷದಲ್ಲಿ ಮುಗಿಸುವುದನ್ನು ನೋಡಿದವರಿಗೆ ಕೆಲಸ ಸುಲಭ ಅನ್ನಿಸುತ್ತದೆ. ಮನೆಯಲ್ಲಿ ಕೈ ಹಾಕಿದಾಗ ಚರ್ಮ ಹರಿಯುತ್ತದೆ, ಪಿತ್ತ ಒಡೆಯುತ್ತದೆ, ಬೆಳಿಗ್ಗೆ ಕೊಯ್ದ ಮಾಂಸ ಮಧ್ಯಾಹ್ನಕ್ಕೆ ವಾಸನೆ ಬರುತ್ತದೆ. ಈ ಕೆಡುಕುಗಳಿಗೆ ಹೆಚ್ಚಿನಪಾಲು ನಾಲ್ಕೇ ಕಾರಣ: ಹಿಂದಿನ ರಾತ್ರಿ ಮೇವು ನಿಲ್ಲಿಸದಿರುವುದು, ಮೊಂಡು ಚಾಕು, ಲೆಕ್ಕವಿಲ್ಲದೆ ಕಾಯಿಸಿದ ನೀರು, ಮಾಂಸವನ್ನು ತಣಿಸದೆ ಬಿಡುವುದು. ನಾಲ್ಕನ್ನೂ ಮೊದಲೇ ಸರಿ ಮಾಡಿಕೊಂಡರೆ ಕೋಳಿಗೂ ಹಿಂಸೆ ಕಡಿಮೆ, ಮಾಂಸವೂ ಚೆನ್ನಾಗಿರುತ್ತದೆ.

ಮೊದಲ ಸಲ ಎರಡು ಅಥವಾ ಮೂರು ಕೋಳಿ ಸಾಕು. ಕೈ ಪಳಗುವವರೆಗೆ ಒಂದು ಕೋಳಿಗೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಹಿಡಿಯುತ್ತದೆ. ಹತ್ತನ್ನೂ ಒಂದೇ ದಿನ ಹಿಡಿದರೆ ಬಿಸಿಲೇರುವ ಹೊತ್ತಿಗೆ ಅರ್ಧ ಕೆಲಸವೂ ಆಗಿರುವುದಿಲ್ಲ.

ಯಾವ ವಯಸ್ಸಿಗೆ

ಬ್ರಾಯ್ಲರ್ ಮರಿಯಾದರೆ ಒಳ್ಳೆಯ ಮೇವಿನಲ್ಲಿ 38ರಿಂದ 42 ದಿನಕ್ಕೆ ಎರಡು ಕೆ.ಜಿ. ಆಸುಪಾಸು ತೂಗುತ್ತದೆ. ಏಳು ವಾರ ದಾಟಿಸಿ ಇಟ್ಟುಕೊಂಡರೆ ತಿನ್ನುವ ಮೇವಿಗೆ ತಕ್ಕ ಮಾಂಸ ಬರುವುದಿಲ್ಲ. ಕಾಲು ಸೋಲುತ್ತದೆ, ಎದೆ ಭಾರವಾಗಿ ಸುಸ್ತಾಗಿ ಕೂರುತ್ತದೆ. ಏಪ್ರಿಲ್-ಮೇ ತಿಂಗಳ ಸೆಕೆಯಲ್ಲಿ ಮಧ್ಯಾಹ್ನ ಬಾಯಿ ತೆರೆದು ಏದುಸಿರು ಬಿಡುತ್ತಾ ಅಲ್ಲೇ ಸತ್ತುಬೀಳುವುದೂ ಉಂಟು. ಆದ್ದರಿಂದ ಐದೂವರೆ ವಾರಕ್ಕೆ ದೊಡ್ಡವನ್ನು ಆರಿಸಿ ಕೊಯ್ಯಲು ಶುರುಮಾಡಿ, ಏಳು ವಾರದೊಳಗೆ ಮುಗಿಸುವುದು ಒಳ್ಳೆಯ ಲೆಕ್ಕ.

ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಯಾದ ಗಿರಿರಾಜ, ಸ್ವರ್ಣಧಾರಾ ತಳಿಗಳನ್ನು ಹಿತ್ತಿಲಲ್ಲಿ ಮೇಯಲು ಬಿಟ್ಟು ಸಾಕಿದ್ದರೆ ಮೂರು ತಿಂಗಳ ಮೇಲೆ ಹುಂಜಗಳನ್ನು ನೋಡಿ ತೆಗೆಯಬಹುದು. ಜವಾರಿ ಕೋಳಿಗೆ ಐದಾರು ತಿಂಗಳಾದರೂ ಬೇಕು. ಮೊಟ್ಟೆಯಿಡುವ ಹೇಂಟೆಗಳನ್ನು ಉಳಿಸಿಕೊಂಡು ಹೆಚ್ಚಾದ ಹುಂಜಗಳನ್ನು ಮೊದಲು ಕೊಯ್ಯಿ.

ಕೊಯ್ಯುವ ಕೋಳಿ ಆರೋಗ್ಯವಾಗಿರಬೇಕು. ಮುದುಡಿ ಕೂತ, ಹಸಿರು ಬೇಧಿ ಮಾಡುವ, ಕತ್ತು ತಿರುಚುವ, ಮೂಗು-ಕಣ್ಣಲ್ಲಿ ನೀರು ಸೋರುವ ಕೋಳಿಯನ್ನು ‘ಸಾಯೋದರೊಳಗೆ ಕೊಯ್ದುಬಿಡೋಣ’ ಎಂದು ಒಲೆಗೆ ಏರಿಸುವ ಅಭ್ಯಾಸ ಹಲವು ಕಡೆ ಇದೆ. ದಯವಿಟ್ಟು ಅದನ್ನು ಬಿಡಿ. ಇವು ಕೊಕ್ಕರೆ ರೋಗದ (ರಾಣಿಖೇತ್) ಲಕ್ಷಣಗಳಾಗಿರಬಹುದು, ಅಂಥ ಕೋಳಿಯ ರಕ್ತ, ಪುಕ್ಕ, ಕರುಳು ಅಂಗಳದಲ್ಲಿ ಬಿದ್ದರೆ ಉಳಿದವಕ್ಕೂ ಅಕ್ಕಪಕ್ಕದ ಮನೆಯ ಕೋಳಿಗಳಿಗೂ ಹರಡುತ್ತದೆ. ಒಟ್ಟೊಟ್ಟಿಗೆ ಹಲವು ಕೋಳಿ ಸತ್ತರೆ ಒಂದನ್ನೂ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿ. 2020ರ ಮಾರ್ಚ್‌ನಲ್ಲಿ ಹರಿಹರ ತಾಲ್ಲೂಕಿನಲ್ಲಿ ಹಕ್ಕಿಜ್ವರ ದೃಢಪಟ್ಟಿತ್ತು, ಇದು ದೂರದ ಊರಿನ ರೋಗವೆಂದು ಯಾರೂ ತಿಳಿಯಬಾರದು. ಔಷಧಿ ಕೊಟ್ಟ ಕೋಳಿಯಾದರೆ ಅದರ ಚೀಟಿಯ ಮೇಲೆ ಮಾಂಸಕ್ಕೆ ಮೊದಲು ಎಷ್ಟು ದಿನ ಬಿಡಬೇಕೆಂದು ಬರೆದಿರುತ್ತದೆ. ಅಷ್ಟು ದಿನ ಕಾಯಲೇಬೇಕು.

ಹಿಂದಿನ ರಾತ್ರಿ

ಬೆಳಿಗ್ಗೆ ಆರಕ್ಕೆ ಕೊಯ್ಯುವುದಾದರೆ ರಾತ್ರಿ ಎಂಟಕ್ಕೆ ಮೇವಿನ ತಟ್ಟೆ ಎತ್ತಿಬಿಡಿ. ನೀರು ಮಾತ್ರ ಕೊನೆಯವರೆಗೂ ಇರಲಿ. ಎಂಟರಿಂದ ಹನ್ನೆರಡು ಗಂಟೆ ಮೇವಿಲ್ಲದಿದ್ದರೆ ಕತ್ತಿನ ಬುಡದ ಮೇವಿನ ಚೀಲವೂ ಕರುಳೂ ಖಾಲಿಯಾಗುತ್ತವೆ. ತುಂಬಿದ ಚೀಲ ಹರಿದರೆ ಹುಳಿಯಾದ ಮೆಕ್ಕೆಜೋಳದ ನುಚ್ಚು ಎದೆಮಾಂಸದ ಮೇಲೆಲ್ಲ ಚೆಲ್ಲುತ್ತದೆ, ತುಂಬಿದ ಕರುಳು ಹರಿದರೆ ಹಿಕ್ಕೆ. ಹಾಗೆಂದು ಇಡೀ ದಿನ ಉಪವಾಸ ಕೆಡವುವುದೂ ತಪ್ಪು. ಹನ್ನೆರಡು ಗಂಟೆ ಮೀರಿದರೆ ಕರುಳಿನ ಗೋಡೆ ತೆಳ್ಳಗಾಗಿ ಮುಟ್ಟಿದರೆ ಹರಿಯುತ್ತದೆ, ಪಿತ್ತದ ಚೀಲ ಊದಿಕೊಳ್ಳುತ್ತದೆ, ತೂಕವೂ ಇಳಿಯುತ್ತದೆ.

ಹಸಿದ ಕೋಳಿ ಕೆಳಗೆ ಹಾಸಿದ ಭತ್ತದ ಹೊಟ್ಟನ್ನೇ ಕುಕ್ಕಿ ತಿನ್ನುತ್ತದೆ. ಅದಕ್ಕೆ ರಾತ್ರಿ ಕತ್ತಲಾದ ಮೇಲೆ, ಅವು ಅರೆನಿದ್ದೆಯಲ್ಲಿರುವಾಗ, ಮೆಲ್ಲಗೆ ಎತ್ತಿ ಬರಿಯ ನೆಲದ ಮೇಲೆ ಮಂಕರಿ ಕವುಚಿ ಮುಚ್ಚಿಡಿ. ಒಂದು ಮಂಕರಿಗೆ ಎರಡು ಸಾಕು, ಗಾಳಿ ಆಡಲಿ. ಹಗಲಲ್ಲಿ ಅಂಗಳವೆಲ್ಲ ಓಡಿಸಿ ಹಿಡಿದರೆ ರೆಕ್ಕೆ ಉಳುಕುತ್ತದೆ, ತೊಡೆಯಲ್ಲಿ ರಕ್ತ ಹೆಪ್ಪುಗಟ್ಟಿ ಕಪ್ಪಾಗುತ್ತದೆ, ಗಾಬರಿಬಿದ್ದ ಕೋಳಿಯ ಮಾಂಸವೂ ಗಡುಸಾಗುತ್ತದೆ.

ಬೇಕಾದ ಸಾಮಾನು

ಮುಖ್ಯವಾದದ್ದು ಚಾಕು. ಐದಾರು ಇಂಚಿನ ಅಲಗು, ಕೈಯಲ್ಲಿ ಜಾರದ ಹಿಡಿ. ಹಿಂದಿನ ದಿನವೇ ಸಾಣೆ ಹಿಡಿದಿಡಿ. ದಿನಪತ್ರಿಕೆಯ ಹಾಳೆಯನ್ನು ಗಾಳಿಯಲ್ಲಿ ಹಿಡಿದು ಎಳೆದರೆ ತಡೆಯಿಲ್ಲದೆ ಸೀಳಬೇಕು. ಸೀಳದ ಚಾಕುವಿನಿಂದ ಕೋಳಿಯನ್ನು ಮುಟ್ಟಬೇಡಿ, ಮೊಂಡು ಅಲಗು ರಕ್ತನಾಳವನ್ನು ಪಕ್ಕಕ್ಕೆ ತಳ್ಳುತ್ತದೆಯೇ ಹೊರತು ಕತ್ತರಿಸುವುದಿಲ್ಲ. ಹೊಟ್ಟೆ ತೆಗೆಯಲು ಇನ್ನೊಂದು ಚಿಕ್ಕ ಚಾಕು ಬೇರೆಯೇ ಇರಲಿ. ಮಚ್ಚು ಕೊನೆಗೆ ತುಂಡು ಮಾಡಲು ಮಾತ್ರ.

ಎರಡನೆಯದು ಕೊಳವೆ. ಐದು ಲೀಟರಿನ ಖಾಲಿ ಎಣ್ಣೆ ಕ್ಯಾನಿನ ತಳ ಕತ್ತರಿಸಿ, ಬಾಯಿಯ ಕಡೆ ಕೋಳಿಯ ತಲೆ ಮತ್ತು ಕತ್ತು ಹೊರಬರುವಷ್ಟು ಅಗಲ ಮಾಡಿ, ಬಾಯಿ ಕೆಳಗಾಗಿ ಕಂಬಕ್ಕೆ ಎರಡು ಕಡೆ ಮೊಳೆ ಹೊಡೆಯಿರಿ, ಎದೆಯ ಎತ್ತರಕ್ಕೆ. ಮೂರು ಕೆ.ಜಿ. ಮೀರಿದ ಗಿರಿರಾಜ ಹುಂಜಕ್ಕೆ ಹತ್ತು ಲೀಟರಿನ ಕ್ಯಾನ್ ಬೇಕಾಗುತ್ತದೆ. ಕತ್ತರಿಸಿದ ಅಂಚು ಕೈ ಕುಯ್ಯದಂತೆ ಟೇಪ್ ಸುತ್ತಿ. ಇದರೊಳಗೆ ತಲೆಕೆಳಗಾಗಿ ಇಳಿಸಿದ ಕೋಳಿ ರೆಕ್ಕೆ ಬಡಿಯಲಾಗದೆ ಸುಮ್ಮನಾಗುತ್ತದೆ, ರಕ್ತ ಪೂರ್ತಿ ಬಸಿಯುತ್ತದೆ. ಕ್ಯಾನ್ ಸಿಗದಿದ್ದರೆ ಗೋಣಿಚೀಲದ ಒಂದು ಮೂಲೆ ಕತ್ತರಿಸಿ ತಲೆ ಹೊರಬಿಟ್ಟು, ಚೀಲದ ಬಾಯಿಯನ್ನೂ ಕಾಲುಗಳನ್ನೂ ಸೇರಿಸಿ ಕಟ್ಟಿ ನೇತುಹಾಕಬಹುದು.

ಇವುಗಳ ಜೊತೆಗೆ 25 ಲೀಟರ್ ಹಿಡಿಯುವ ಹಂಡೆ ಅಥವಾ ಡಬರಿ, ನೀರಿನ ಬಿಸಿ ಅಳೆಯುವ ಥರ್ಮಾಮೀಟರ್, ಎರಡು ಬಕೆಟ್, ದೊಡ್ಡ ಟಬ್, ತಾಡಪಾಲು, ಮೇಜಿನ ಮೇಲೆ ಹಾಸಲು ಒಗೆದ ಪ್ಲಾಸ್ಟಿಕ್ ಹಾಳೆ, ಸಾಬೂನು. ಒಂದು ಕೋಳಿಗೆ ಎಲ್ಲ ಸೇರಿ 15ರಿಂದ 20 ಲೀಟರ್ ಒಳ್ಳೆಯ ನೀರು ಹಿಡಿಯಿರಿ. ಕರೆಂಟ್ ಬಂದಾಗ ಮೋಟರ್ ಹಾಕೋಣ ಎಂದು ಕೂರದೆ ರಾತ್ರಿಯೇ ಡ್ರಮ್ ತುಂಬಿಸಿ. ಕೋಳಿಗೆ ಒಂದೂವರೆ ಕೆ.ಜಿ.ಯಂತೆ ಐಸ್ ಕೂಡ ತಂದಿಡಿ, ಮೀನು ಮಾರುವವರ ಹತ್ತಿರ ಗಟ್ಟಿ ಸಿಗುತ್ತದೆ.

ಜಾಗ ನೆರಳಲ್ಲಿರಲಿ, ಉಳಿದ ಕೋಳಿಗಳ ಕಣ್ಣಿಗೆ ಬೀಳದಿರಲಿ. ಜಾತ್ರೆಯ ಹರಕೆ ಕೋಳಿಯಾದರೂ ದೇವಸ್ಥಾನದ ಆವರಣದಲ್ಲಿ ಬಲಿ ಕೊಡುವಂತಿಲ್ಲ, 1959ರ ರಾಜ್ಯದ ಪ್ರಾಣಿಬಲಿ ನಿಷೇಧ ಕಾಯ್ದೆ ಕೋಳಿಗೂ ಅನ್ವಯಿಸುತ್ತದೆ. ಇಲ್ಲಿ ಹೇಳುತ್ತಿರುವುದು ಮನೆಯ ಊಟಕ್ಕೆ ಮಾತ್ರ. ಮಾರುವುದಾದರೆ ಆಹಾರ ಸುರಕ್ಷತೆಯ ನೋಂದಣಿ ಬೇಕು.

ಕೊಯ್ಯುವುದು

ಒಲೆಯ ಮೇಲೆ ನೀರು ಕಾದ ಮೇಲೆಯೇ ಮೊದಲ ಕೋಳಿಗೆ ಕೈ ಹಾಕಿ. ಕೊಯ್ದು ನೀರಿಗಾಗಿ ಕಾದರೆ ಮೈ ತಣ್ಣಗಾಗಿ ಪುಕ್ಕದ ಬುಡ ಬಿಗಿಯುತ್ತದೆ.

ಎರಡೂ ರೆಕ್ಕೆಗಳನ್ನು ಮೈಗೆ ಒತ್ತಿ ಹಿಡಿದು ಎತ್ತಿಕೊಳ್ಳಿ. ಅರೆಕ್ಷಣ ಎದೆಗೊರಗಿಸಿಕೊಂಡರೆ ಗಾಬರಿ ಇಳಿದು ಸುಮ್ಮನಾಗುತ್ತದೆ. ಆಮೇಲೆ ತಲೆ ಕೆಳಗೆ ಮಾಡಿ ಕೊಳವೆಗೆ ಇಳಿಸಿ. ಎಡಗೈಯಲ್ಲಿ ತಲೆ ಹಿಡಿದು, ಕೊಕ್ಕು ನಿಮ್ಮ ಕಡೆಗಿರುವಂತೆ ಮೆಲ್ಲಗೆ ಕೆಳಕ್ಕೆ ಎಳೆಯಿರಿ, ಕತ್ತು ನೀಳವಾಗುತ್ತದೆ. ದವಡೆಯ ಕೆಳಗೆ, ಕಿವಿಯ ಹಿಂದಿನ ಪುಕ್ಕವನ್ನು ಹೆಬ್ಬೆರಳಿನಿಂದ ಸರಿಸಿ ಚರ್ಮ ಕಾಣುವಂತೆ ಮಾಡಿ. ಪುಕ್ಕದ ಮೇಲೆಯೇ ಚಾಕು ಎಳೆದರೆ ಅಲಗು ಜಾರುತ್ತದೆ. ದೊಡ್ಡ ರಕ್ತನಾಳಗಳು ಕತ್ತಿನ ಎರಡೂ ಪಕ್ಕದಲ್ಲಿವೆ. ಒಂದು ಪಕ್ಕಕ್ಕೆ ಒಂದೇ ಗಟ್ಟಿ ಎಳೆತ, ತಕ್ಷಣ ಇನ್ನೊಂದು ಪಕ್ಕಕ್ಕೆ ಇನ್ನೊಂದು. ಅಲಗು ಕತ್ತಿನ ಮೂಳೆಗೆ ತಾಗುವಷ್ಟು ಆಳ ಸಾಕು, ಮೂಳೆ ಕತ್ತರಿಸಬೇಕಿಲ್ಲ. ಹಲಾಲ್ ಮಾಡಬೇಕಾದ ಮನೆಗಳಲ್ಲಿ ಅದನ್ನು ಬಲ್ಲವರು ಉಸಿರುಕೊಳವೆ, ಅನ್ನನಾಳ, ಎರಡೂ ಪಕ್ಕದ ನಾಳಗಳನ್ನು ಒಂದೇ ಬಾರಿಗೆ ಕೊಯ್ಯುತ್ತಾರೆ, ತಲೆ ಬೇರ್ಪಡಿಸುವುದಿಲ್ಲ. ಮುಂದಿನ ಕೆಲಸ ಎರಡಕ್ಕೂ ಒಂದೇ.

ರಕ್ತ ಧಾರೆಯಾಗಿ ಬರಬೇಕು. ತೊಟ್ಟಿಕ್ಕುತ್ತಿದ್ದರೆ ನಾಳ ತಪ್ಪಿದೆ ಎಂದರ್ಥ, ಹಿಂಜರಿಯದೆ ಕೂಡಲೇ ಅದೇ ಜಾಗದಲ್ಲಿ ಇನ್ನೊಮ್ಮೆ ಆಳವಾಗಿ ಎಳೆಯಿರಿ. ಮೊದಲ ಸಲದವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಕೈ ನಡುಗಿ ಮೇಲೆ ಮೇಲೆ ಗೀರುತ್ತಾರೆ, ಕೋಳಿ ನರಳುತ್ತದೆ. ಗಟ್ಟಿಯಾಗಿ ಒಂದೇ ಎಳೆತ ಹಾಕುವುದೇ ದಯೆ. ಧೈರ್ಯ ಸಾಲದಿದ್ದರೆ ಮೊದಲನೆಯದನ್ನು ಬಲ್ಲವರ ಕೈಯಲ್ಲಿ ಮಾಡಿಸಿ, ಪಕ್ಕದಲ್ಲಿ ನಿಂತು ನೋಡಿ.

ಕೊಯ್ದ ಮೇಲೆ ಒಂದು ನಿಮಿಷದೊಳಗೆ ಜೋರಾದ ಒದ್ದಾಟ ಬರುತ್ತದೆ. ಅಷ್ಟರಲ್ಲಿ ಕೋಳಿಗೆ ಪ್ರಜ್ಞೆ ಹೋಗಿರುತ್ತದೆ, ಅದು ನರಗಳ ಅದುರು. ತಲೆಯನ್ನು ಹಿಡಿದೇ ಇರಿ, ಇಲ್ಲದಿದ್ದರೆ ರಕ್ತ ನಾಲ್ಕೂ ಕಡೆ ಚಿಮ್ಮುತ್ತದೆ. ಎರಡು ನಿಮಿಷ ಪೂರ್ತಿ ಬಸಿಯಲು ಬಿಡಿ. ಎರಡು ಕೆ.ಜಿ. ಕೋಳಿಯಿಂದ 60-80 ಗ್ರಾಂ ರಕ್ತವಷ್ಟೇ ಬರುತ್ತದೆ, ಕಡಿಮೆಯಾಯಿತೆಂದು ಗಾಬರಿಬೇಡ. ಉಸಿರು ಪೂರ್ತಿ ನಿಂತಿದೆಯೇ, ಕಣ್ಣುಗುಡ್ಡೆ ಮುಟ್ಟಿದರೆ ರೆಪ್ಪೆ ಅಲುಗುತ್ತದೆಯೇ ನೋಡಿ. ಅಲುಗಿದರೆ ಇನ್ನೂ ಕಾಯಿರಿ. ಜೀವವಿರುವ ಕೋಳಿ ಬಿಸಿನೀರಿಗೆ ಎಂದಿಗೂ ಹೋಗಬಾರದು. ರಕ್ತ ಸರಿಯಾಗಿ ಬಸಿಯದಿದ್ದರೆ ಪುಕ್ಕ ಕಿತ್ತಮೇಲೆ ರೆಕ್ಕೆಯ ತುದಿ, ಕತ್ತು, ಬಾಲದ ಹತ್ತಿರ ಕೆಂಪಾಗಿ ಕಾಣುತ್ತದೆ, ಅಂಥ ಮಾಂಸ ಬೇಗ ಕೆಡುತ್ತದೆ.

ನೀರಿನ ಬಿಸಿ

ಇಡೀ ಕೆಲಸದಲ್ಲಿ ಹೆಚ್ಚು ಗಮನ ಬೇಡುವುದು ಇದೇ. ಬ್ರಾಯ್ಲರಿಗೆ 60ರಿಂದ 63 ಡಿಗ್ರಿ ಸೆಲ್ಸಿಯಸ್, 45 ಸೆಕೆಂಡಿನಿಂದ ಒಂದು ನಿಮಿಷ. ಗಟ್ಟಿ ಚರ್ಮದ ಜವಾರಿ ಹುಂಜಕ್ಕೆ 65ರಿಂದ 68 ಡಿಗ್ರಿ, ಒಂದರಿಂದ ಒಂದೂವರೆ ನಿಮಿಷ. ಕುದಿಯುವ ನೀರಿನಲ್ಲಿ ಅದ್ದಿ ತೆಗೆದರೆ ಬೇಗ ಆಗುತ್ತದೆ ಎಂದುಕೊಂಡವರು ಬಹಳ. ಕುದಿನೀರು ತಾಗಿದ ಕೂಡಲೇ ಚರ್ಮ ಬೇಯುತ್ತದೆ, ಕೆಳಗಿನ ಕೊಬ್ಬು ಕರಗುತ್ತದೆ. ಪುಕ್ಕ ಎಳೆದರೆ ಚರ್ಮವೂ ಜೊತೆಗೆ ಬರುತ್ತದೆ, ಎದೆಮಾಂಸ ಬೆಳ್ಳಗೆ ಅರೆಬೆಂದಂತಾಗುತ್ತದೆ. ನೀರು 55ಕ್ಕಿಂತ ಕಡಿಮೆಯಾದರೆ ಪುಕ್ಕ ಬಿಡುವುದಿಲ್ಲ, ಬಲವಾಗಿ ಕಿತ್ತರೆ ಮತ್ತೆ ಚರ್ಮವೇ ಹರಿಯುವುದು. ಬೆರಳು ಅದ್ದಿ ಅಂದಾಜು ಮಾಡುವುದನ್ನು ನಂಬಬೇಡಿ. 58 ಡಿಗ್ರಿಗೂ 70 ಡಿಗ್ರಿಗೂ ಬೆರಳಿಗೆ ಒಂದೇ ಉರಿ.

ಥರ್ಮಾಮೀಟರ್ ಇಲ್ಲದಿದ್ದರೆ ಅಳತೆಯಿಂದ ಮಾಡಿಕೊಳ್ಳಬಹುದು. ನಮ್ಮ ಎತ್ತರದಲ್ಲಿ ನೀರು ಸುಮಾರು 98 ಡಿಗ್ರಿಗೆ ಕುದಿಯುತ್ತದೆ, ಡ್ರಮ್ಮಿನ ತಣ್ಣೀರು ಬೇಸಿಗೆ ಬೆಳಿಗ್ಗೆ 26ರ ಆಸುಪಾಸು. ಹತ್ತು ಲೀಟರ್ ಮರಳಿ ಕುದಿಯುವ ನೀರಿಗೆ ಎಂಟು ಲೀಟರ್ ತಣ್ಣೀರು ಬೆರೆಸಿದರೆ ಲೆಕ್ಕದಲ್ಲಿ 66 ಬರುತ್ತದೆ, ಪಾತ್ರೆ ಎರಡು ಮೂರು ಡಿಗ್ರಿ ಹೀರಿಕೊಂಡು 63ಕ್ಕೆ ನಿಲ್ಲುತ್ತದೆ. ಡಿಸೆಂಬರ್-ಜನವರಿಯ ಚಳಿಯಲ್ಲಿ ತಣ್ಣೀರನ್ನು ಏಳು ಲೀಟರಿಗೆ ಇಳಿಸಿ. ಒಂದು ಕೋಳಿ ಅದ್ದಿದ ಮೇಲೆ ಬಿಸಿ ಇಳಿಯುತ್ತದೆ. ಒಂದು ಲೀಟರ್ ಕುದಿನೀರು ಸುರಿದರೆ ಎರಡು ಡಿಗ್ರಿ ಏರುತ್ತದೆ. ಅದಕ್ಕಾಗಿ ಪಕ್ಕದ ಒಲೆಯಲ್ಲಿ ಇನ್ನೊಂದು ಪಾತ್ರೆ ಸದಾ ಕುದಿಯುತ್ತಿರಲಿ. ಸೌದೆಗೆ ಮೆಕ್ಕೆಜೋಳದ ದಿಂಡು ಚೆನ್ನಾಗಿ ಉರಿಯುತ್ತದೆ, ಆದರೆ ಬೇಗ ಬೂದಿಯಾಗುತ್ತದೆ, ನಡುವೆ ಒಂದೆರಡು ಗಟ್ಟಿ ಕೊರಡು ಇಡಿ.

ಅದ್ದುವಾಗ ಎರಡೂ ಕಾಲು ಹಿಡಿದು ತಲೆಯಿಂದ ಇಳಿಸಿ, ಮೇಲೆ ಕೆಳಗೆ ಆಡಿಸಿ. ಸುಮ್ಮನೆ ಮುಳುಗಿಸಿದರೆ ಪುಕ್ಕದ ನಡುವೆ ಗಾಳಿ ಸಿಕ್ಕಿಕೊಂಡು ನೀರು ಬುಡಕ್ಕೆ ಇಳಿಯುವುದಿಲ್ಲ. ಕೋಲಿನಿಂದ ತೊಡೆ, ಬಾಲದ ಪುಕ್ಕವನ್ನು ಒತ್ತಿಹಿಡಿಯಿರಿ. 40 ಸೆಕೆಂಡಾದ ಮೇಲೆ ಹೊರತೆಗೆದು ಬಾಲದ ಒಂದು ದೊಡ್ಡ ಪುಕ್ಕ ಎಳೆದು ನೋಡಿ. ತಡೆಯಿಲ್ಲದೆ ಬಂದರೆ ಆಯಿತು, ಇಲ್ಲವಾದರೆ ಇನ್ನು ಹತ್ತು ಸೆಕೆಂಡು, ಮತ್ತೆ ಹತ್ತು. ಆರು ಕೋಳಿಯಾದ ಮೇಲೆ ನೀರು ಹಿಕ್ಕೆ-ರಕ್ತದಿಂದ ಕೊಳೆಯಾಗಿರುತ್ತದೆ, ಹೊಸದು ಮಾಡಿಕೊಳ್ಳಿ.

ಪುಕ್ಕ

ಹೊರತೆಗೆದ ಕೂಡಲೇ ಶುರುಮಾಡಿ. ರೆಕ್ಕೆ ಮತ್ತು ಬಾಲದ ದೊಡ್ಡ ಪುಕ್ಕ ಮೊದಲು, ಅವು ತಣ್ಣಗಾದರೆ ಬಿಗಿಯುತ್ತವೆ. ಆಮೇಲೆ ಕಾಲು, ಬೆನ್ನು. ಎದೆಯ ಚರ್ಮ ಅತಿ ತೆಳು, ಅಲ್ಲಿ ಒಂದು ಕೈಯಲ್ಲಿ ಚರ್ಮ ಒತ್ತಿ ಹಿಡಿದು ಸ್ವಲ್ಪ ಸ್ವಲ್ಪವೇ ಕೀಳಿ. ಎಳೆಯ ಮೊಳಕೆ ಪುಕ್ಕಗಳನ್ನು ಚಾಕುವಿನ ಬೆನ್ನು ಮತ್ತು ಹೆಬ್ಬೆರಳ ನಡುವೆ ಹಿಡಿದು ಎಳೆಯಿರಿ.

ಜವಾರಿ ಕೋಳಿಯನ್ನು ಚರ್ಮದ ಸಮೇತವೇ ಸಾರು ಮಾಡುವುದು ವಾಡಿಕೆ, ಅದಕ್ಕೆ ಸುಡಬೇಕು. ಒಣಗಿಸಿ, ಅರಿಶಿನ ಹಚ್ಚಿ, ಒಣ ಹುಲ್ಲಿನ ಉರಿಯಲ್ಲಾಗಲೀ ಗ್ಯಾಸಿನ ಉರಿಯಲ್ಲಾಗಲೀ ತಿರುಗಿಸುತ್ತಾ ಒಂದೆರಡು ನಿಮಿಷ ಹಿಡಿದರೆ ಕೂದಲಿನಂಥ ಎಳೆಗಳು ಸುಟ್ಟು ಚರ್ಮ ಬಿಗಿಯುತ್ತದೆ. ಒಂದೇ ಕಡೆ ನಿಲ್ಲಿಸಿದರೆ ಚರ್ಮ ಸೀಳುತ್ತದೆ. ಸೀಮೆಎಣ್ಣೆ, ಪ್ಲಾಸ್ಟಿಕ್, ಟೈರಿನ ಉರಿ ಬೇಡವೇ ಬೇಡ, ಆ ಹೊಗೆಯ ವಿಷ ಚರ್ಮದ ಕೊಬ್ಬಿನಲ್ಲೇ ಕೂರುತ್ತದೆ. ಆಮೇಲೆ ಕಲ್ಲುಪ್ಪು ಹಾಕಿ ಉಜ್ಜಿ ತೊಳೆಯಿರಿ.

ಬ್ರಾಯ್ಲರನ್ನು ಚರ್ಮ ತೆಗೆದೇ ತಿನ್ನುವ ಮನೆಯಾದರೆ ಬಿಸಿನೀರಿನ ಕೆಲಸವೇ ಇಲ್ಲ. ರಕ್ತ ಬಸಿದ ಕೋಳಿಯ ಎದೆಯ ಮೇಲೆ ಚರ್ಮವನ್ನು ಚಿವುಟಿ ಎತ್ತಿ ಸಣ್ಣಗೆ ಸೀಳಿ, ಬೆರಳು ತೂರಿಸಿ ಅಂಗಿ ಕಳಚಿದ ಹಾಗೆ ಎರಡೂ ಕಡೆ ಎಳೆದರೆ ಪುಕ್ಕದ ಸಮೇತ ಬರುತ್ತದೆ. ರೆಕ್ಕೆಯ ತುದಿಗಳನ್ನು ಕೀಲಲ್ಲಿ ಕತ್ತರಿಸಿಬಿಡಿ. ಬೇಗ ಮುಗಿಯುತ್ತದೆ, ಆದರೆ ಚರ್ಮದ ಜೊತೆ ತೂಕವೂ ಹೋಗುತ್ತದೆ. ಎರಡು ಕೆ.ಜಿ. ಜೀವತೂಕದ ಬ್ರಾಯ್ಲರ್ ಚರ್ಮವಿದ್ದರೆ ಸುಮಾರು 1.4 ಕೆ.ಜಿ., ಚರ್ಮ ತೆಗೆದರೆ 1.3 ಕೆ.ಜಿ.ಗಿಂತ ತುಸು ಕೆಳಗೆ ನಿಲ್ಲುತ್ತದೆ. ಜವಾರಿಯಲ್ಲಿ ಮೂಳೆ ಹೆಚ್ಚು, ಮಾಂಸ ಇನ್ನೂ ಕಡಿಮೆ.

ಹೊಟ್ಟೆ ತೆಗೆಯುವುದು

ಇನ್ನು ಮುಂದಿನದು ಶುದ್ಧ ಜಾಗದಲ್ಲಿ, ತೊಳೆದ ಕೈಯಲ್ಲಿ, ಚಿಕ್ಕ ಚಾಕುವಿನಿಂದ. ಪುಕ್ಕ ಕಿತ್ತ ಮೇಜಿನ ಮೇಲೆಯೇ ಮಾಡಬೇಡಿ.

ಮೊಣಕಾಲ ಕೀಲನ್ನು ಬಗ್ಗಿಸಿ, ಎರಡು ಮೂಳೆಗಳ ನಡುವೆ ಚಾಕು ಇಟ್ಟರೆ ಕಾಲು ಒತ್ತಡವಿಲ್ಲದೆ ಬಿಡುತ್ತದೆ. ಬಾಲದ ಮೇಲೆ ಮೊಡವೆಯಂಥ ಹಳದಿ ಎಣ್ಣೆಗ್ರಂಥಿ ಇರುತ್ತದೆ, ಅದನ್ನು ಆಳವಾಗಿ ಕೆತ್ತಿ ತೆಗೆಯಿರಿ, ಉಳಿದರೆ ಸಾರಿಗೆ ಕಮಟು ವಾಸನೆ. ತಲೆ ತೆಗೆದು, ಕತ್ತಿನ ಹಿಂಬದಿಯ ಚರ್ಮ ಉದ್ದಕ್ಕೆ ಸೀಳಿ. ಉಸಿರುಕೊಳವೆ ಉಂಗುರ ಉಂಗುರವಾಗಿ ಗಟ್ಟಿ, ಅನ್ನನಾಳ ಮೆತ್ತಗೆ. ಎರಡನ್ನೂ ಬೆರಳಿಂದ ಬಿಡಿಸುತ್ತಾ ಎದೆಯ ಬುಡಕ್ಕೆ ಬಂದರೆ ಮೇವಿನ ಚೀಲ ಸಿಗುತ್ತದೆ. ಅದು ಎದೆಮಾಂಸಕ್ಕೆ ತೆಳುಪೊರೆಯಲ್ಲಿ ಅಂಟಿರುತ್ತದೆ, ಬೆರಳ ತುದಿಯಿಂದಲೇ ಬಿಡಿಸಿ, ಚಾಕು ಬೇಡ. ಇಲ್ಲಿ ಬಿಡಿಸದೆ ಹೋದರೆ ಆಮೇಲೆ ಹೊಟ್ಟೆಯ ಕಡೆಯಿಂದ ಎಳೆದಾಗ ನಡುವೆ ತುಂಡಾಗುತ್ತದೆ.

ಕೋಳಿಯನ್ನು ಅಂಗಾತ ಮಲಗಿಸಿ. ಎದೆಮೂಳೆ ಮುಗಿಯುವ ತುದಿಗೂ ಗುದಕ್ಕೂ ನಡುವಿನ ಮೆತ್ತನೆ ಜಾಗದಲ್ಲಿ ಚರ್ಮ ಚಿವುಟಿ ಎತ್ತಿ, ಅಡ್ಡಕ್ಕೆ ಎರಡು ಇಂಚು ಸೀಳಿ. ಚರ್ಮ ಮತ್ತು ತೆಳ್ಳನೆ ಕೊಬ್ಬಿನ ಪದರವಷ್ಟೇ ಸೀಳಬೇಕು, ಅದರ ಕೆಳಗೇ ಕರುಳಿದೆ. ಎರಡು ಬೆರಳು ತೂರಿಸಿ ಅಗಲ ಮಾಡಿಕೊಳ್ಳಿ. ಕೈಯನ್ನು ಎದೆಮೂಳೆಯ ಒಳಮೈಗೆ ಸವರುತ್ತಾ ಹೃದಯದವರೆಗೆ ಕೊಂಡೊಯ್ದು, ಬೆರಳು ಕೊಕ್ಕೆ ಮಾಡಿ ಎಲ್ಲವನ್ನೂ ಒಟ್ಟಿಗೆ ನಿಧಾನವಾಗಿ ಹೊರಗೆಳೆಯಿರಿ. ಕೈಗೆ ಗಟ್ಟಿ ಗುಂಡಾಗಿ ಸಿಗುವುದು ಕಾಳು ಅರೆಯುವ ಚೀಲ, ಅದನ್ನೇ ಹಿಡಿದು ಎಳೆದರೆ ಉಳಿದದ್ದು ಹಿಂದೆ ಬರುತ್ತದೆ. ಲಿವರನ್ನು ಹಿಸುಕಬೇಡಿ, ಅದರ ಕೆಳಗೆ ಅಂಟಿಕೊಂಡ ಕಡುಹಸಿರು ಪಿತ್ತದ ಚೀಲ ಒಡೆಯುತ್ತದೆ. ಕರುಳೆಲ್ಲ ಹೊರಬಂದು ಗುದಕ್ಕೆ ಮಾತ್ರ ನೇತಾಡುವಾಗ ಗುದದ ಸುತ್ತ ಉಂಗುರದಂತೆ ಕತ್ತರಿಸಿ ಎಲ್ಲವನ್ನೂ ಬಿಡಿಸಿ. ಗುದದೊಳಕ್ಕೆ ಚಾಕು ತಾಗಬಾರದು.

ಪಿತ್ತ ಒಡೆದರೆ ತಕ್ಷಣ ಹರಿಯುವ ನೀರು ಹಾಕಿ, ಹಸಿರಾದ ಜಾಗವನ್ನು ಕೆತ್ತಿ ಎಸೆಯಿರಿ. ತೊಳೆದರಷ್ಟೇ ಕಹಿ ಹೋಗುವುದಿಲ್ಲ. ಹಿಕ್ಕೆ ತಾಗಿದ ಮಾಂಸಕ್ಕೂ ಅದೇ ನಿಯಮ. ಒಳಗೆ ಪಕ್ಕೆಲುಬಿನ ನಡುವೆ ಗುಲಾಬಿ ಬಣ್ಣದ ಶ್ವಾಸಕೋಶ ಅಂಟಿಕೊಂಡಿರುತ್ತದೆ, ಬೆರಳಿನಿಂದ ಕೆರೆದು ತೆಗೆಯಿರಿ. ಹುಂಜದಲ್ಲಿ ಬೆನ್ನಿನ ಬಳಿ ಅವರೆಕಾಳಿನಂತೆ ಬಿಳಿಯ ಬೀಜಗಳು, ಮೊಟ್ಟೆಯಿಡುವ ಹೇಂಟೆಯಲ್ಲಿ ಹಳದಿ ಮೊಟ್ಟೆಯ ಗೊಂಚಲು. ಗೊಂಚಲನ್ನು ಎಸೆಯಬೇಡಿ, ಸಾರಿಗೆ ಕೊನೆಯಲ್ಲಿ ಹಾಕಿದರೆ ಮಕ್ಕಳು ಕಿತ್ತಾಡಿ ತಿನ್ನುತ್ತಾರೆ.

ಈಗ ಕಣ್ಣಿಟ್ಟು ನೋಡುವ ಹೊತ್ತು. ಲಿವರ್ ನುಣುಪಾಗಿ ಕೆಂಗಂದು ಬಣ್ಣದ್ದಿರಬೇಕು. ಅದರ ಮೇಲೆ ಬಿಳಿ-ಹಳದಿ ಚುಕ್ಕೆ, ಗಂಟು, ಹೊಟ್ಟೆಯಲ್ಲಿ ತುಂಬಿದ ಹಳದಿ ನೀರು, ಮೊಸರುಗಟ್ಟಿದಂಥ ಕೀವು, ಕೆಟ್ಟ ವಾಸನೆ, ಇವುಗಳಲ್ಲಿ ಒಂದಿದ್ದರೂ ಆ ಕೋಳಿಯನ್ನು ಹೂಳಿಬಿಡಿ. ಸಾಕಿದ ಖರ್ಚು ನೆನೆದು ಮನಸ್ಸು ಒಪ್ಪುವುದಿಲ್ಲ, ಆದರೂ ಮನೆಮಂದಿಯ ಹೊಟ್ಟೆ ಅದಕ್ಕಿಂತ ದೊಡ್ಡದು. ಒಂದು ಕಡೆ ಮಾತ್ರ ರಕ್ತ ಹೆಪ್ಪುಗಟ್ಟಿದ್ದರೆ ಅಷ್ಟನ್ನೇ ಕೆತ್ತಿ ತೆಗೆದರೆ ಸಾಕು.

ಕಾಳು ಅರೆಯುವ ಚೀಲವನ್ನು ದಪ್ಪ ಅಂಚಿನಲ್ಲಿ ಸೀಳಿ ಮರಳು-ಕಲ್ಲು ತೊಳೆದು, ಒಳಗಿನ ಹಳದಿ ಸಿಪ್ಪೆಯನ್ನು ಅಂಚಿನಿಂದ ಹಿಡಿದು ಸುಲಿಯಿರಿ. ಹೃದಯದ ತುದಿ ಕತ್ತರಿಸಿ ಒಳಗಿನ ಗರಣೆ ಒತ್ತಿ ತೆಗೆಯಿರಿ. ಕಾಲುಗಳನ್ನು ಬಿಸಿನೀರಲ್ಲಿ ಅದ್ದಿ ಹೊರಸಿಪ್ಪೆ ಸುಲಿದು, ಉಗುರಿನ ಹೊದಿಕೆ ತಿರುಚಿ ಕಿತ್ತರೆ ಸೂಪಿಗೆ ಆಗುತ್ತದೆ.

ತಣಿಸುವುದು

ಕೋಳಿಯ ಮೈಬಿಸಿ 41 ಡಿಗ್ರಿ. ಆ ಬಿಸಿಯಲ್ಲೇ ಮಾಂಸವನ್ನು ಬುಟ್ಟಿಯಲ್ಲಿ ಮುಚ್ಚಿಟ್ಟರೆ ರೋಗಾಣುಗಳಿಗೆ ಹಬ್ಬ. ಹೊರಗೆ 38 ಡಿಗ್ರಿ ಬಿಸಿಲಿರುವಾಗ ತಾನಾಗಿ ತಣಿಯುವ ಮಾತೇ ಇಲ್ಲ. ಟಬ್ಬಿನಲ್ಲಿ ಅರ್ಧ ನೀರು, ಅರ್ಧ ಐಸ್ ಹಾಕಿ, ಒಳಗೆ ಹೊರಗೆ ತೊಳೆದ ಕೋಳಿಯನ್ನು ಪೂರ್ತಿ ಮುಳುಗಿಸಿ ಒಂದರಿಂದ ಒಂದೂವರೆ ಗಂಟೆ ಇಡಿ. ನಡುವೆ ಒಮ್ಮೆ ತಿರುಗಿಸಿ, ಐಸ್ ಕರಗಿದರೆ ಮತ್ತೆ ಹಾಕಿ. ತೊಡೆಯ ದಪ್ಪ ಭಾಗ 4 ಡಿಗ್ರಿಗೆ ಇಳಿಯಬೇಕು. ಆಮೇಲೆ ಕಾಲು ಗಂಟೆ ನೇತುಹಾಕಿ ನೀರು ಬಸಿದು, ಚೀಲಕ್ಕೆ ಹಾಕಿ ಫ್ರಿಜ್ಜಿನ ತಳಭಾಗದಲ್ಲಿಡಿ. ಐಸೂ ಇಲ್ಲ, ಫ್ರಿಜ್ಜೂ ಇಲ್ಲ ಅಂದರೆ ಆ ಹೊತ್ತಿಗೆ ಒಲೆಗೇರುವಷ್ಟನ್ನೇ ಕೊಯ್ಯಿ.

ಕೊಯ್ದ ಒಂದೆರಡು ಗಂಟೆಯಲ್ಲಿ ಮಾಂಸ ಬಿಗಿಯುತ್ತದೆ. ಬಿಗಿದ ಹೊತ್ತಿನಲ್ಲಿ ಹುರಿದರೆ, ಕಬಾಬ್ ಮಾಡಿದರೆ ರಬ್ಬರಿನಂತಾಗುತ್ತದೆ. ಮನೆಯ ಕೋಳಿ ಗಟ್ಟಿ ಎಂಬ ದೂರಿಗೆ ಎಷ್ಟೋ ಸಲ ಕಾರಣ ಇದೇ, ತಳಿಯಲ್ಲ. ಬ್ರಾಯ್ಲರಿಗೆ ಹನ್ನೆರಡು ಗಂಟೆ, ಜವಾರಿಗೆ ಒಂದು ದಿನ ಫ್ರಿಜ್ಜಿನಲ್ಲಿ ಬಿಟ್ಟರೆ ಬಿಗಿ ಬಿಡುತ್ತದೆ. ತೊಡೆಯ ಕೀಲು ಅತ್ತಿತ್ತ ಆಡಿಸಿದಾಗ ಸಲೀಸಾಗಿ ಆಡಬೇಕು. ಅದೇ ದಿನ ಮುದ್ದೆಗೆ ಸಾರು ಬೇಕೇ ಬೇಕೆಂದರೆ ನಿಧಾನ ಉರಿಯಲ್ಲಿ ಹೆಚ್ಚು ಹೊತ್ತು ಬೇಯಿಸಿ. ಫ್ರೀಜರಿಗೆ ಹಾಕುವುದೂ ಬಿಗಿ ಬಿಟ್ಟ ಮೇಲೆಯೇ, ಮೊದಲೇ ಹಾಕಿದರೆ ಕರಗಿದಾಗ ಗಡುಸಾಗಿಯೇ ಇರುತ್ತದೆ. ಫ್ರೀಜರಿಗೆ ಹಾಕದ ಮಾಂಸವನ್ನು ಎರಡು ದಿನದೊಳಗೆ ಮುಗಿಸಿ.

ತುಂಡು ಮಾಡುವಾಗ ಕೀಲುಗಳಲ್ಲೇ ಚಾಕು ಇಡಿ. ತೊಡೆಯನ್ನು ಹೊರಕ್ಕೆ ಬಗ್ಗಿಸಿ ಲಟಕ್ಕೆನಿಸಿದರೆ ಕೀಲು ತಾನೇ ಕಾಣುತ್ತದೆ. ಬೆನ್ನು, ಎದೆಮೂಳೆಗೆ ಮಾತ್ರ ಹುಣಸೆ ಮರದ ತುಂಡಿನ ಮೇಲಿಟ್ಟು ಮಚ್ಚಿನಿಂದ ಒಂದೇ ಏಟು. ಒಂದೇ ಜಾಗಕ್ಕೆ ನಾಲ್ಕು ಏಟು ಬಿದ್ದರೆ ಮೂಳೆಚೂರು ಸಾರಿನಲ್ಲಿ ಸಿಗುತ್ತದೆ.

ಉಳಿದದ್ದರ ವಿಲೇವಾರಿ

ಪುಕ್ಕ, ಕರುಳು, ರಕ್ತವನ್ನು ಭದ್ರಾ ನಾಲೆಗೋ ಕೆರೆಯಂಗಳಕ್ಕೋ ರಸ್ತೆಬದಿಗೋ ಎಸೆಯಬೇಡಿ. ಬೋರ್‌ವೆಲ್, ಬಾವಿಯಿಂದ ನೂರು ಅಡಿಯಾದರೂ ದೂರದಲ್ಲಿ, ಮೂರಡಿ ಆಳದ ಗುಂಡಿಯನ್ನು ಹಿಂದಿನ ದಿನವೇ ತೋಡಿಸಿ. ಹಾಕಿದ್ದರ ಮೇಲೆ ಒಂದು ಹಿಡಿ ಸುಣ್ಣ, ಎರಡಡಿ ಮಣ್ಣು, ಅದರ ಮೇಲೆ ಮುಳ್ಳಿನ ಕೊಂಬೆ ಅಥವಾ ಕಲ್ಲು. ಒಮ್ಮೆ ಕರುಳಿನ ರುಚಿ ಹತ್ತಿದ ಬೀದಿನಾಯಿ ಮುಂದೆ ಕೋಳಿಗೂಡಿಗೇ ಬರುತ್ತದೆ. ಚನ್ನಗಿರಿ, ಹೊಳಲ್ಕೆರೆ ಕಡೆಯ ತೋಟದವರು ಅಡಿಕೆ ಸಿಪ್ಪೆಯ ದಪ್ಪ ಪದರಗಳ ನಡುವೆ ಪುಕ್ಕ ಹಾಕಿ ಗೊಬ್ಬರ ಮಾಡಬಹುದು, ಪುಕ್ಕ ಕರಗಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಒಣಗದಂತೆ ನೀರು ಚಿಮುಕಿಸುತ್ತಿರಬೇಕು.

ಚಾಕು, ಮೇಜು, ಟಬ್‌ಗಳನ್ನು ಮೊದಲು ಸಾಬೂನು ನೀರಲ್ಲಿ ಉಜ್ಜಿ ಜಿಡ್ಡು ತೆಗೆಯಿರಿ. ಜಿಡ್ಡಿನ ಮೇಲೆ ಬ್ಲೀಚಿಂಗ್ ಪೌಡರ್ ಕೆಲಸ ಮಾಡುವುದಿಲ್ಲ. ಆಮೇಲೆ ಹತ್ತು ಲೀಟರ್ ನೀರಿಗೆ ಎರಡು ಟೀ ಚಮಚ ಹೊಸ ಬ್ಲೀಚಿಂಗ್ ಪೌಡರ್ ಕರಗಿಸಿ ಎಲ್ಲಕ್ಕೂ ಸುರಿದು, ಹತ್ತು ನಿಮಿಷ ಬಿಟ್ಟು ತೊಳೆದು ಬಿಸಿಲಿಗೆ ಒಣಗಿಸಿ. ಕೊಯ್ಯುವಾಗ ಹಾಕಿಕೊಂಡಿದ್ದ ಚಪ್ಪಲಿಯನ್ನೂ ತೊಳೆದ ಮೇಲೆಯೇ ಉಳಿದ ಕೋಳಿಗಳ ಗೂಡಿಗೆ ಮೇವು ಹಾಕಲು ಹೋಗಿ.